ಮ್ಯಾಲಿನ ಮನಿಗೆ ಲಕ್ಷ, ಕೆಳಗಿನ ಪಾಯಾಕ್ಕ ಅಲಕ್ಷ!

ಹತ್ತರಗಿ: ಬೆಳಗಾವಿಯಿಂದ ಸಂಕೇಶ್ವರದ ಬಸ್ ಹತ್ತಿ ಕಿಡಕಿ ಪಕ್ಕ ಜಾಗಾ ಹಿಡಿದವರು ಹೊರಗೆ ಒಮ್ಮೆ ಕಣ್ಣಾಡಿಸಿದರೆ ಸಾಕು. ಹೆದ್ದಾರಿಯ ಅಕ್ಕಪಕ್ಕ ಅಲ್ಲಲ್ಲಿ ಗೂಟ ಬಡಿದಿದ್ದಾರೆ, ದಾರ ಕಟ್ಟಿದ್ದಾರೆ, ಸುಣ್ಣದ ಗೆರೆ ಎಳೆದಿದ್ದಾರೆ. ನಿನ್ನೆ ಜೋಳವಿದ್ದಲ್ಲಿ ಇಂದು ಜೇಸಿಬಿ ನಿಂತಿದೆ. ಹಳೆಯ ಎನ್.ಎಚ್. 4 ಈಗ ಎನ್.ಎಚ್. 48 ಆಗಿದೆ. ರಸ್ತೆ ಅಗಲವಾದಂತೆ ರಸ್ತೆ ಬದಿಯ ಜಾಗದ ಕಿಮ್ಮತ್ತೂ ಏರಿದೆ. ಟೋಲ್ ನಾಕಾದ ಈಚೆಗೂ ಆಚೆಗೂ ಮನೆ ಕಟ್ಟುವವರಿಗೇನೂ ಬರವಿಲ್ಲ.

ಕಟ್ಟಲಿ, ಸಂತೋಷ. ಆದರೆ ಒಂದು ಮಾತು. ಮನೆಯ ಮುಂಭಾಗಕ್ಕೆ ಯಾವ ಬಣ್ಣ, ಬಾಗಿಲಿಗೆ ಯಾವ ಕಟ್ಟಿಗೆ, ನೆಲಕ್ಕೆ ಯಾವ ಟೈಲ್ಸ್ ಎಂದು ಆರು ತಿಂಗಳು ವಿಚಾರ ಮಾಡುವ ಮನುಷ್ಯ, ಪಾಯಾ ಎಷ್ಟು ಆಳ ಎಂಬುದನ್ನು ಮಾತ್ರ ಅರ್ಧ ತಾಸಿನಲ್ಲಿ ತೀರ್ಮಾನಿಸುತ್ತಾನೆ. ಅದೂ ಜೇಸಿಬಿ ಬಂದು ನಿಂತು ಮೀಟರ್ ಓಡುತ್ತಿರುವಾಗ! ಮ್ಯಾಲಿನದು ನಾಲ್ಕು ಮಂದಿ ಕಣ್ಣಿಗೆ ಬೀಳುತ್ತದೆ, ಕೆಳಗಿನದು ಬೀಳುವುದಿಲ್ಲ. ಮನೆ ನಿಲ್ಲುವುದು ಮಾತ್ರ ಕೆಳಗಿನದರ ಮೇಲೆಯೇ.

ಬ್ಯಾಸಗಿ ಗಟ್ಟಿ, ಮಳಿಗಾಲ ಮೆತ್ತಗ

ಒಬ್ಬ ಕಿರಾಣಿ ಅಂಗಡಿಯ ಸಾವಕಾರ ಜಾಗಾ ತೆಗೆದುಕೊಂಡ ಎಂದು ಇಟ್ಟುಕೊಳ್ಳಿ. ಯುಗಾದಿ ಮುಗಿಯಿತು, ಅಕ್ಷಯ ತೃತೀಯಾಕ್ಕೆ ಗುದ್ದಲಿ ಪೂಜೆ ಆಯಿತು. ಮಿರಗ ಕೂಡುವುದರೊಳಗೆ ಪಾಯಾ ಮ್ಯಾಲೆ ಬರಬೇಕು ಎಂಬ ಅವಸರ ಬೇರೆ. ಎರಡೂವರೆ ಅಡಿ ತೋಡುವುದರೊಳಗೆ ಹಾರಿ ಠಣ್ ಎಂದಿತು.

"ಏನ್ರಿ ಗೌಂಡಿ ಕಾಕಾ, ಕಲ್ಲಿನಂಗ ನೆಲಾ ಹತ್ತೇತಿ. ಇನ್ನ ಸಾಕಲ್ಲ?"

"ಸಾವಕಾರ್ರ, ಇದು ಬ್ಯಾಸಗಿ ಗಟ್ಟಿ ರೀ. ಮಿರಗ ಕೂಡ್ಲಿ, ಆವಾಗ ಇದರ ಬಣ್ಣಾ ನೋಡ್ರಿ."

ಅನುಭವಿ ಗೌಂಡಿ ಹೇಳುವ ಈ ಮಾತಿನಲ್ಲಿ ಇಡೀ ವಿಷಯ ಅಡಗಿದೆ. ಎರಿ ಮಣ್ಣು ಬ್ಯಾಸಗಿಯಲ್ಲಿ ಒಣಗಿ ಕುಗ್ಗಿ ಕಲ್ಲಾಗಿರುತ್ತದೆ. ಹೊಲದಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟಿರುವುದು ಇದೇ ಕಾರಣಕ್ಕೆ. ಮಳೆ ಬಿದ್ದ ಕೂಡಲೇ ಅದೇ ಮಣ್ಣು ನೀರು ಕುಡಿದು ಉಬ್ಬುತ್ತದೆ, ಮೆತ್ತಗಾಗುತ್ತದೆ. ಅದರಲ್ಲಿರುವ ಮಾಂಟ್ಮೊರಿಲೊನೈಟ್ ಎಂಬ ಜೇಡಿಯ ಗುಣವೇ ಅದು. ಪದರು ಪದರಾಗಿರುವ ಆ ಜೇಡಿ ಪದರಿನ ನಡುವೆ ನೀರನ್ನು ಎಳೆದುಕೊಂಡು ಹಿಗ್ಗುತ್ತದೆ, ನೀರು ಆರಿದಾಗ ಕುಗ್ಗುತ್ತದೆ. ವರ್ಷಕ್ಕೊಮ್ಮೆ ಹಿಗ್ಗು, ವರ್ಷಕ್ಕೊಮ್ಮೆ ಕುಗ್ಗು. ಮೇಲಿನ ಮನೆಯೂ ಅದರ ಸಂಗಡ ಏರಿ ಇಳಿಯಬೇಕು.

ಮನೆ ಇದನ್ನು ಮೊದಲು ಬಾಗಿಲಿನ ಮೂಲಕ ಹೇಳುತ್ತದೆ. ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಕಟ್ಟಿಗೆ ನೆನೆದಿದೆ ಎಂದು ಬಡಿಗ್ಯಾನನ್ನು ಕರೆಸಿ ರಂಧಾ ಹೊಡೆಸುತ್ತಾರೆ. ಮರುವರ್ಷ ಕಿಡಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಮೇಲೇಳುತ್ತದೆ. ಪುಟ್ಟಿ ಹಚ್ಚಿ ಬಣ್ಣ ಬಳಿಯುತ್ತಾರೆ. ಮೂರನೆಯ ವರ್ಷ ಅದೇ ಬಿರುಕು ಅದೇ ಜಾಗದಲ್ಲಿ ಹಾಜರ್. ರೋಗ ಕಾಲಿನಲ್ಲಿ, ಮದ್ದು ಮುಖಕ್ಕೆ!

ಒಂದೇ ಊರು, ಎರಡು ನೆಲ

ಹುಕ್ಕೇರಿ, ಗೋಕಾಕ, ಮೂಡಲಗಿ ಭಾಗದಲ್ಲಿ ನೆಲ ಒಂದೇ ತರಹ ಇಲ್ಲ. ಗುಡ್ಡದ ಕಡೆ ಸ್ವಲ್ಪ ತೋಡಿದರೆ ಗರಸು ಹತ್ತುತ್ತದೆ. ಹೊಳೆ ಹಳ್ಳದ ಕಡೆ, ಕಾಲುವೆ ನೀರಾವರಿಯ ಕಬ್ಬಿನ ಹೊಲದ ಕಡೆ ಎರಿ ದಪ್ಪ. ಒಂದೇ ಓಣಿಯಲ್ಲಿ ಒಬ್ಬನಿಗೆ ಮೂರಡಿಗೆ ಗರಸು ಸಿಕ್ಕರೆ, ನಾಲ್ಕು ಮನೆ ಆಚೆಯವನಿಗೆ ಏಳಡಿಯಾದರೂ ಎರಿಯೇ ಇರಬಹುದು. ಆದ್ದರಿಂದ "ಬಾಜೂ ಮನ್ಯಾವ್ರು ನಾಕ ಅಡಿ ತಗದಾರ, ನಾನೂ ನಾಕ ಅಡಿ ತಗೀತೇನಿ" ಎಂಬ ಲೆಕ್ಕ ನಡೆಯುವುದಿಲ್ಲ.

ಹಾಗಾದರೆ ಗೊತ್ತು ಮಾಡಿಕೊಳ್ಳುವುದು ಹೇಗೆ? ಮನೆಯ ನಕಾಶೆ ಬರೆಸುವ ಮೊದಲೇ ಜಾಗದ ಎರಡು ಮೂಲೆಯಲ್ಲಿ ಒಂದೊಂದು ಪರೀಕ್ಷೆ ಗುಂಡಿ ತೋಡಿಸಬೇಕು. ಕಪ್ಪು ಮಣ್ಣು ಎಲ್ಲಿ ಮುಗಿಯುತ್ತದೆ, ಗರಸು ಎಲ್ಲಿ ಶುರುವಾಗುತ್ತದೆ ಎಂದು ಟೇಪ್ ಹಿಡಿದು ಅಳೆಯಬೇಕು. ತಳಕ್ಕೆ ನಾಲ್ಕು ಕೊಡ ನೀರು ಸುರಿದು ರಾತ್ರಿ ಬಿಟ್ಟು, ಮರುದಿನ ಹಾರಿ ಊರಿ ನೋಡಿದರೆ ಬ್ಯಾಸಗಿ ಗಟ್ಟಿ ಯಾವುದು, ಖರೆ ಗಟ್ಟಿ ಯಾವುದು ತಿಳಿಯುತ್ತದೆ.

ಲ್ಯಾಬಿನವರು ಮಾಡುವ ಇನ್ನೊಂದು ಪರೀಕ್ಷೆ ಅಂಗಡಿಕಾರರಿಗೂ ಅರ್ಥವಾಗುವಂಥದ್ದು. ಒಣಗಿಸಿ ಜರಡಿ ಹಿಡಿದ ಮಣ್ಣನ್ನು ಹತ್ತತ್ತು ಗ್ರಾಮಿನಂತೆ ಎರಡು ಅಳತೆ ಗಾಜಿನಲ್ಲಿ ಹಾಕುತ್ತಾರೆ. ಒಂದಕ್ಕೆ ನೀರು, ಇನ್ನೊಂದಕ್ಕೆ ಚಿಮಣಿ ಎಣ್ಣಿ. 24 ತಾಸು ಬಿಟ್ಟು ನೋಡುತ್ತಾರೆ. ಚಿಮಣಿ ಎಣ್ಣಿಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಎರಡರ ಫರಕೇ ಆ ಮಣ್ಣಿನ ಜಾತಕ. ನೀರಿನ ಗಾಜಿನ ಮಣ್ಣು ಎಣ್ಣಿಯದಕ್ಕಿಂತ ಒಂದೂವರೆಪಟ್ಟು ದಾಟಿದರೆ ಎಂಜಿನಿಯರನ್ನು ಕೇಳದೆ ಮುಂದಿನ ಹೆಜ್ಜೆ ಇಡಬಾರದು. ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇಂಥ ಮಣ್ಣು ಪರೀಕ್ಷೆಗೆ ಲ್ಯಾಬುಗಳಿವೆ. ಅದಕ್ಕೆ ತಗಲುವ ಖರ್ಚು ಒಂದು ತಲೆಬಾಗಿಲಿನ ಖರ್ಚಿನ ಮುಂದೆ ಏನೂ ಅಲ್ಲ.

ಎರಿ ದಪ್ಪ ಇದ್ದರೆ ಗತಿ ಏನು?

ನಾಲ್ಕೈದು ಅಡಿಯೊಳಗೆ ಗರಸು ಸಿಕ್ಕರೆ ಚಿಂತೆಯಿಲ್ಲ. ಎರಿಯನ್ನು ದಾಟಿ ಗರಸಿನ ಮೇಲೆಯೇ ಪಾಯಾ ಕೂರಿಸಿದರಾಯಿತು. ಸಿಗದಿದ್ದರೆ? "ಸಿಗೂಮಟಾ ತೋಡು" ಎಂದು ಹಟ ಹಿಡಿದರೆ ಹಣ ಮಣ್ಣಾಗುತ್ತದೆ. ಅದಕ್ಕೆ ಬೇರೆ ದಾರಿಗಳಿವೆ.

ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರಿ ಭೂಮಿಗೆಂದೇ ಒಂದು ಬಗೆಯ ಪಾಯಾ ರೂಪಿಸಿತು. ನೆಲಕ್ಕೆ ಗುಂಡನೆಯ ಬೋರ್ ಹೊಡೆದು, ತಳದಲ್ಲಿ ಅದನ್ನು ಗಡಿಗೆಯಂತೆ ಅಗಲ ಮಾಡಿ, ಕಬ್ಬಿಣ ಇಳಿಸಿ ಕಾಂಕ್ರೀಟ್ ತುಂಬುತ್ತಾರೆ. ಅಂಡರ್‌ರೀಮ್ಡ್ ಪೈಲ್ ಎಂದು ಅದರ ಹೆಸರು. ಮಳೆ ಬಿಸಿಲಿನ ಹಿಗ್ಗು ಕುಗ್ಗು ಹೆಚ್ಚಾಗಿ ಮೇಲಿನ ಮೂರೂವರೆ ಮೀಟರಿನೊಳಗೇ ಮುಗಿಯುತ್ತದೆ. ಅದರ ಕೆಳಗೆ ಗಡಿಗೆ ಕೂತರೆ ಮೇಲಿನ ಮಣ್ಣು ಕುಣಿದರೂ ಮನೆ ಕುಣಿಯುವುದಿಲ್ಲ. ಮೇಲೆ ಕಟ್ಟುವ ಬೀಮಿನ ಕೆಳಗೆ ಮಣ್ಣು ತಾಗದಂತೆ ಸಂದು ಬಿಡಬೇಕು. ಇಲ್ಲದಿದ್ದರೆ ಉಬ್ಬಿದ ಎರಿ ಬೀಮನ್ನೇ ಎತ್ತುತ್ತದೆ.

ಇನ್ನೊಂದು ದಾರಿಗೆ ಬೆಳಗಾವಿ ಜಿಲ್ಲೆಯ ನಂಟಿದೆ. ಮುಂಬಯಿ ಐ.ಐ.ಟಿ.ಯ ಪ್ರಾಧ್ಯಾಪಕರಾಗಿದ್ದ ಡಾ. ಆರ್. ಕೆ. ಕಟ್ಟಿ ಅವರು ಎರಿ ಮಣ್ಣಿನ ಕಾಟಕ್ಕೆ ಪರಿಹಾರ ಹುಡುಕುತ್ತ, ಉಬ್ಬದ ಆದರೆ ಅಂಟುಗುಣವಿರುವ ಗರಸಿನಂಥ ಮಣ್ಣನ್ನು ಎರಿಯ ಮೇಲೆ ದಪ್ಪವಾಗಿ ಬಡಿದು ಕೂರಿಸಿದರೆ ಕೆಳಗಿನ ಉಬ್ಬು ಅಡಗುತ್ತದೆಂದು 1970ರ ದಶಕದಲ್ಲಿ ತೋರಿಸಿದರು. ಮಲಪ್ರಭಾ ಯೋಜನೆಯ ಕಾಲುವೆಗಳಲ್ಲಿ ಅದು ಬಳಕೆಗೆ ಬಂತು. ಇಡೀ ಕಾಲುವೆಯನ್ನು ಹಿಡಿದು ನಿಲ್ಲಿಸಿದ ಉಪಾಯ ಮನೆಯ ನೆಲಗಟ್ಟಿಗೂ ಆಗುತ್ತದೆ. ಎಷ್ಟು ದಪ್ಪ, ಎಂಥ ಗರಸು ಎಂಬುದನ್ನು ಮಾತ್ರ ತಿಳಿದವರು ಹೇಳಬೇಕು.

ತಕ್ಕಡಿ ಹಿಡಿಯುವವನಿಗೆ ಬ್ರಾಸಿನ ಲೆಕ್ಕ ಬೇಡವೆ?

ಹತ್ತು ಗ್ರಾಂ ಬೆಲ್ಲ ಹೆಚ್ಚು ಹೋದರೆ ಕೈ ತಡೆಯುವ ಅಂಗಡಿಕಾರ, ತನ್ನ ಮನೆಗೆ ಬಂದ ಗರಸಿನ ಟ್ರೇಲರನ್ನು ಎಣಿಸುತ್ತಾನೆಯೇ ಹೊರತು ಅಳೆಯುವುದಿಲ್ಲ! ಒಂದು ಬ್ರಾಸ್ ಎಂದರೆ 100 ಘನ ಅಡಿ. ಟ್ರೇಲರಿನ ಒಳಗೆ ಟೇಪ್ ಹಿಡಿಯಿರಿ: ಉದ್ದ 10 ಅಡಿ, ಅಗಲ 6 ಅಡಿ, ಮಣ್ಣಿನ ಎತ್ತರ ಒಂದೂವರೆ ಅಡಿ. ಗುಣಿಸಿದರೆ 90 ಘನ ಅಡಿ. ಟ್ರೇಲರಿಗೊಂದು ಬ್ರಾಸ್ ಎಂದು ಇಪ್ಪತ್ತು ಟ್ರೇಲರಿಗೆ ರೊಕ್ಕ ಕೊಟ್ಟರೆ ಬಂದದ್ದು 18 ಬ್ರಾಸ್. ಎರಡು ಬ್ರಾಸ್ ಗಾಳಿಗೆ ಕೊಟ್ಟಂತಾಯಿತು.

ತೋಡುವ ಲೆಕ್ಕವೂ ಹೀಗೆಯೇ. 25 ಅಡಿಗೆ 30 ಅಡಿಯ ಮನೆಯ ಹೊರಗೋಡೆ ಸುತ್ತಳತೆ 110 ಅಡಿ. ಒಳಗೋಡೆ 55 ಅಡಿ ಹಿಡಿಯಿರಿ. ಒಟ್ಟು 165 ಅಡಿ ಉದ್ದದ ಚರಿ, ಮೂರಡಿ ಅಗಲ, ನಾಲ್ಕಡಿ ಆಳ. 1,980 ಘನ ಅಡಿ, ಅಂದರೆ ಸುಮಾರು 20 ಬ್ರಾಸ್. ಇನ್ನೊಂದು ಅಡಿ ಇಳಿಸಿದರೆ ಹೆಚ್ಚಾಗುವುದು ಐದು ಬ್ರಾಸ್ ಮಾತ್ರ. ಇಡೀ ಮನೆಯ ಖರ್ಚಿನಲ್ಲಿ ಐದು ಬ್ರಾಸ್ ತೋಡುವುದು, ಅಷ್ಟೇ ತುಂಬುವುದು ದೊಡ್ಡ ಮಾತೇ? ಉಳಿಸಲು ಹೋಗುವುದು ಸರಿಯಾಗಿ ಅಲ್ಲಿಯೇ!

ಇನ್ನೊಂದು ಉಳಿತಾಯದ ಹುಚ್ಚು ಇದೆ. ಚರಿಯಿಂದ ತೆಗೆದ ಎರಿ ಮಣ್ಣು ಅಲ್ಲೇ ಗುಡ್ಡೆ ಬಿದ್ದಿರುತ್ತದೆ. "ಫುಕಟ್ ಮಣ್ಣ ಐತಿ, ಒಳಗ ತುಂಬಿಬಿಡ್ರಿ" ಎನ್ನುತ್ತಾರೆ. ಬೇಡಪ್ಪಾ ಬೇಡ! ಹೊರಗಿನ ಶತ್ರುವನ್ನು ಮನೆಯೊಳಗೆ ಕರೆದು ಕೂರಿಸಿದಂತೆ. ಬಚ್ಚಲ ನೀರು ಸ್ವಲ್ಪ ಜಿನುಗಿದರೂ ಅದು ಉಬ್ಬಿ ಟೈಲ್ಸ್ ಎಬ್ಬಿಸುತ್ತದೆ. ಒಳಗೆ ಗರಸೇ ಬೇಕು. ಅದನ್ನೂ ಒಮ್ಮೆಲೇ ಸುರಿಯಬಾರದು. ಆರಾರು ಇಂಚು ಹರವಿ, ನೀರು ಹೊಡೆದು, ದಿಮ್ಮಸು ಬಡಿದು, ಮುಂದಿನ ಪದರು ಹಾಕಬೇಕು. 25ಕ್ಕೆ 30ರ ಮನೆಗೆ ಎರಡಡಿ ತುಂಬಲು ಬಡಿದ ಗರಸು 15 ಬ್ರಾಸ್ ಬೇಕು. ಸಡಿಲು ಗರಸು ಕಾಲುಪಾಲು ಹೆಚ್ಚು ಹಿಡಿದು 19 ಬ್ರಾಸ್ ತರಿಸಬೇಕು. "ಹದಿನೈದು ಸಾಕು" ಎಂದವರು ಬಡಿಯುವುದಿಲ್ಲ ಎಂದೇ ಅರ್ಥ.

ಯಂತ್ರ ಬಂತು, ಕೈ ಬಿಡಬೇಡಿ

ಹಿಂದೆ ಈ ಭಾಗದಲ್ಲಿ ಪಾಯಾ, ಬಾವಿ, ಕೆರೆ ಎಂದರೆ ಒಡ್ಡರ ಕೈಗಾರಿಕೆ. ಗುದ್ದಲಿ, ಸಲಿಕೆ, ಬುಟ್ಟಿ, ಹಾರಿ ಇಷ್ಟೇ ಸಾಮಾನು. ಮಣ್ಣು ಕೈಯಲ್ಲಿ ಹಿಡಿದೇ ಅದರ ಗುಣ ಹೇಳುವವರಿದ್ದರು. ಈಗ ಜೇಸಿಬಿ ಯುಗ. ಜೇಸಿಬಿ ಎಂಬುದು ಯಂತ್ರದ ಹೆಸರಲ್ಲ, 1945ರಲ್ಲಿ ಇಂಗ್ಲೆಂಡಿನಲ್ಲಿ ಕಂಪನಿ ಶುರುಮಾಡಿದ ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಎಂಬವರ ಹೆಸರಿನ ಮೂರಕ್ಷರ. ಭಾರತಕ್ಕೆ ಆ ಕಂಪನಿ 1979ರಲ್ಲಿ ಬಂತು. ಈಗ ಹಳದಿ ಯಂತ್ರ ಯಾವ ಕಂಪನಿಯದಾದರೂ ಮಂದಿಯ ಬಾಯಲ್ಲಿ ಜೇಸಿಬಿಯೇ.

ಎಂಟು ದಿನದ ಕೆಲಸ ಒಂದು ದಿನಕ್ಕೆ ಮುಗಿಯುತ್ತದೆ, ಅಡ್ಡಿಯಿಲ್ಲ. ಆದರೆ ಯಂತ್ರದ ಹಲ್ಲು ತಳದ ಗಟ್ಟಿ ನೆಲವನ್ನೂ ಕೆದರಿ ಸಡಿಲು ಮಾಡುತ್ತದೆ. ಆದ್ದರಿಂದ ಕೊನೆಯ ಅರ್ಧ ಅಡಿಯನ್ನು ಆಳುಗಳಿಂದಲೇ ತೆಗೆಸಬೇಕು. ತಪ್ಪಿ ಹೆಚ್ಚು ಆಳ ಹೋದರೆ ಮಣ್ಣು ತುಂಬಿ ಸಮ ಮಾಡಬಾರದು, ಬೆಡ್ ಕಾಂಕ್ರೀಟನ್ನೇ ತುಂಬಬೇಕು.

ಗೆರೆ ಎಳೆಯುವಾಗ ಮೂಲೆಗೆ ಮೂಲೆ ಸರಿಯಿದೆಯೇ ಎಂದು ಮಾಲಕನೇ ನೋಡಬಹುದು. ಒಂದು ಬದಿಗೆ 6 ಅಡಿ, ಇನ್ನೊಂದು ಬದಿಗೆ 8 ಅಡಿ ಗುರುತು ಮಾಡಿ. ನಡುವಿನ ಓರೆ 10 ಅಡಿ ಬಂದರೆ ಮೂಲೆ ಸರಿ. ಮೇಲೆ ಹೇಳಿದ ಮನೆಯ ಎದುರು ಮೂಲೆಗಳ ಓರೆ ಅಳತೆ ಎರಡೂ ಕಡೆ 39 ಅಡಿ ಅರ್ಧ ಇಂಚು ಬರಬೇಕು. ಒಂದು 39, ಇನ್ನೊಂದು 40 ಬಂದರೆ ದಾರ ಬಿಚ್ಚಿ ಮತ್ತೆ ಕಟ್ಟಿಸಿ. ದಾರ ಬಿಚ್ಚುವುದು ಐದು ನಿಮಿಷ, ಗೋಡೆ ಬಿಚ್ಚಲಾಗದು.

ನೆಲಗಟ್ಟಿನ ಎತ್ತರ ಸುತ್ತಲಿನ ನೆಲಕ್ಕಿಂತ ಕನಿಷ್ಠ 45 ಸೆಂಟಿಮೀಟರ್, ಅಂದರೆ ಒಂದೂವರೆ ಅಡಿ ಇರಲಿ ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ರಸ್ತೆಗೆ ಪ್ರತಿ ಸಲ ಡಾಂಬರು ಬಿದ್ದಾಗ ರಸ್ತೆ ಏರುತ್ತದೆ, ಮನೆ ಏರುವುದಿಲ್ಲ. ರಸ್ತೆಯ ನಡುಮಧ್ಯದಿಂದಲೇ ಎತ್ತರ ಅಳೆಯುವುದು ಶಾಣ್ಯಾತನ.

ಬಾಜೂ ಮನೆಯ ಗೋಡೆ ನಿಮ್ಮ ಚರಿಯ ದಂಡೆಯಲ್ಲಿ

ಇಲ್ಲಿಯವರೆಗೆ ಹೇಳಿದ್ದು ರೊಕ್ಕದ ಮಾತು. ಇನ್ನು ಜೀವದ ಮಾತು.

ನಮ್ಮ ಊರುಗಳಲ್ಲಿ ಇನ್ನೂ ಮಣ್ಣಿನ ಗೋಡೆಯ ಮನೆಗಳಿವೆ. 2019ರ ಆಗಸ್ಟ್ ಪ್ರವಾಹದಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಮುಳುಗಿದಾಗ, ಜಿಲ್ಲೆಯ ಉದ್ದಗಲಕ್ಕೆ ಬಿದ್ದವು ಹೆಚ್ಚಾಗಿ ಇಂಥವೇ. 2021ರ ಅಕ್ಟೋಬರ್ 6ರಂದು ಬೆಳಗಾವಿ ತಾಲೂಕಿನ ಬಡಾಲ ಅಂಕಲಗಿಯಲ್ಲಿ ಮಳೆಗೆ ನೆನೆದ ಹಳೆಯ ಗೋಡೆ ಕುಸಿದು ಏಳು ಜನ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಬರೀ ಮಳೆಗೇ ಹೀಗಾದರೆ, ಅಂಥ ಗೋಡೆಯ ಬುಡದಲ್ಲಿಯೇ ಐದಡಿ ಚರಿ ತೋಡಿ ಮಳೆಗೆ ಬಿಟ್ಟರೆ?

ಬಾಜೂ ಗೋಡೆಗೆ ತಾಗಿ ತೋಡುವಾಗ ಜೇಸಿಬಿ ದೂರ ಇರಲಿ. ಒಮ್ಮೆಲೇ ಉದ್ದಕ್ಕೆ ತೆಗೆಯದೆ ನಾಲ್ಕೈದು ಅಡಿಯ ತುಂಡು ಮಾಡಿ, ಒಂದು ತುಂಡು ತೋಡಿ ಕಟ್ಟಿ ಮುಗಿಸಿದ ಮೇಲೆ ಇನ್ನೊಂದು ತುಂಡು ತೆಗೆಯಬೇಕು. ಗೋಡೆಗೆ ಕಟ್ಟಿಗೆಯ ಆಸರೆ ಕೊಡಬೇಕು. ಬಾಜೂದವರಿಗೆ ಮೊದಲೇ ಹೇಳಬೇಕು. ಅವರ ಗೋಡೆಯ ಹಳೆಯ ಬಿರುಕುಗಳ ಫೋಟೋವನ್ನು ಇಬ್ಬರೂ ಎದುರಿಗಿದ್ದೇ ತೆಗೆದಿಟ್ಟುಕೊಂಡರೆ ಮುಂದೆ ಜಗಳವಿಲ್ಲ. "ನನ್ನ ಜಾಗಾ, ನಾ ಎಷ್ಟರ ತೋಡತೇನಿ" ಎಂಬುದು ಕಾಯ್ದೆಯಲ್ಲೂ ನಡೆಯುವುದಿಲ್ಲ. ಬಾಜೂ ನೆಲದ ಆಸರೆ ತಪ್ಪಿಸಬಾರದೆಂದು 1882ರ ಈಸ್‌ಮೆಂಟ್ಸ್ ಕಾಯ್ದೆ ಹೇಳುತ್ತದೆ. ಇಪ್ಪತ್ತು ವರ್ಷ ತಂಟೆಯಿಲ್ಲದೆ ಆ ಆಸರೆ ಪಡೆದು ನಿಂತ ಕಟ್ಟಡಕ್ಕೂ ಅದೇ ಕಾಯ್ದೆಯ 15ನೇ ಕಲಮಿನಲ್ಲಿ ಹಕ್ಕುಂಟು.

ಚರಿಯೊಳಗೆ ಇಳಿದ ಆಳಿನ ಜೀವವೂ ಜೀವವೇ. ಐದಡಿಗಿಂತ ಆಳವಾದರೆ ಬದಿಗೆ ಹಲಗೆಯ ಆಸರೆ ಬೇಕು, ಇಲ್ಲವೇ ಬದಿಯನ್ನು ಇಳಿಜಾರು ಮಾಡಬೇಕು. ತೆಗೆದ ಮಣ್ಣನ್ನು ದಂಡೆಯಿಂದ ಐದಡಿ ದೂರ ಹಾಕಬೇಕು. ದಂಡೆಗೇ ಗುಡ್ಡೆ ಹಾಕಿದರೆ ಅದರ ಭಾರಕ್ಕೇ ಬದಿ ಕುಸಿಯುತ್ತದೆ. ಎದೆಮಟ್ಟ ಎರಿ ಮಣ್ಣು ಬಿದ್ದರೆ ಮನುಷ್ಯ ಉಸಿರಾಡಲಾರ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವಯಸ್ಸಿನೊಳಗಿನ ಕಾರ್ಮಿಕರು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಹಚ್ಚಿಸಬಹುದು. ಆಳಿಗೆ ಕಾರ್ಡ್ ಇದೆಯೇ ಎಂದು ಒಂದು ಮಾತು ಕೇಳಲು ಮಾಲಕನಿಗೆ ಖರ್ಚೇನಿಲ್ಲ.

ಗುಡ್ಡ ಕಡಿದು ಜಾಗಾ ಮಾಡುವವರಿಗೂ ಒಂದು ನೆನಪು. 2019ರ ಅಕ್ಟೋಬರಿನಲ್ಲಿ ಗೋಕಾಕದ ಗುಡ್ಡದ ಮೇಲಿನ ದೊಡ್ಡ ಬಂಡೆಗಳ ಬುಡದ ಮಣ್ಣು ಮಳೆಗೆ ಸರಿದು, ಕೆಳಗಿನ ಮನೆಗಳವರು ಜೀವ ಕೈಯಲ್ಲಿ ಹಿಡಿದು ಕೂರಬೇಕಾಯಿತು. ಮಳೆ ಮಾಡಿದ್ದನ್ನು ಯಂತ್ರವೂ ಮಾಡಬಲ್ಲದು.

ಕಾಗದ, ನಲ್ಲಿ, ರಸ್ತೆ

ಹೊಲವಾಗಿದ್ದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಎನ್.ಎ. ಆಗಿರಬೇಕು. ಉತಾರ ಮಾಲಕನ ಹೆಸರಿಗಿರಬೇಕು. ಊರೊಳಗೆ ಪಂಚಾಯ್ತಿಯ ಕಟ್ಟಡ ಪರವಾನಿಗೆ ಬೇಕು. ಗೆರೆ ಎಳೆದ ಮೇಲೆ ಒಮ್ಮೆ ಪಂಚಾಯ್ತಿ ವಾಟರ್‌ಮನ್‌ನನ್ನು ಕರೆದು ನೀರಿನ ಪೈಪ್ ಎಲ್ಲಿದೆ ಎಂದು ಕೇಳಬೇಕು. 2019ರಲ್ಲಿ ಶುರುವಾದ ಜಲ ಜೀವನ ಮಿಷನ್ ಯೋಜನೆಯ ಮೇಲೆ ಹಳ್ಳಿಗಳಲ್ಲಿ ಮನೆ ಮುಂದೆಲ್ಲ ಪೈಪು. ಜೇಸಿಬಿ ಒಂದು ಸಲ ಹಲ್ಲು ಹಚ್ಚಿದರೆ ಇಡೀ ಓಣಿಗೆ ನೀರಿಲ್ಲ.

ತೆಗೆದ ಮಣ್ಣನ್ನು ರಸ್ತೆಗೆ ಚೆಲ್ಲುವವರಿಗೆ ಬಸ್ಸಿನ ಪ್ರಯಾಣಿಕರ ಪರವಾಗಿ ಒಂದು ವಿನಂತಿ: ಬ್ಯಾಸಗಿಯಲ್ಲಿ ಅದರ ಧೂಳು ಮಂದಿಯ ಕಣ್ಣಿಗೆ, ಮಳೆಗಾಲದಲ್ಲಿ ಅದರ ಕೆಸರು ಬೈಕಿನ ಗಾಲಿಗೆ. ಮನೆ ನಿಮ್ಮದು, ರಸ್ತೆ ಎಲ್ಲರದು.

ಕಾಂಕ್ರೀಟ್ ಹಾಕುವ ಮೊದಲು ಒಂದು ನಿಮಿಷ

ಸರಕಾರದ ವಸತಿ ಯೋಜನೆಗಳಲ್ಲಿ ಹಣ ಹಂತ ಹಂತವಾಗಿ ಬರುತ್ತದೆ. ಮೊದಲ ಹಂತವೇ ಪಾಯಾ. ಕಂತು ಬೇಗ ಬರಲೆಂದು ಮೊಳಕಾಲುದ್ದ ತೋಡಿ ಫೋಟೋ ಹೊಡೆಸಿಕೊಂಡರೆ ಮೋಸ ಹೋಗುವುದು ಸರಕಾರವಲ್ಲ, ಆ ಮನೆಯಲ್ಲಿ ಮಲಗುವ ಮಕ್ಕಳು.

ಆದ್ದರಿಂದ ಕಾಂಕ್ರೀಟ್ ಹಾಕುವ ದಿನ ಮಾಲಕನೇ ಚರಿಗೆ ಇಳಿಯಬೇಕು. ತಳದಲ್ಲಿರುವುದು ಗರಸೋ ಎರಿಯೋ ಕೈಯಲ್ಲಿ ಹಿಡಿದು ನೋಡಬೇಕು. ಟೇಪ್ ಇಳಿಬಿಟ್ಟು ನಾಲ್ಕು ಮೂಲೆಯ ಆಳ ಅಳೆಯಬೇಕು. ಮೊಬೈಲಿನಲ್ಲಿ ಫೋಟೋ ತೆಗೆದಿಡಬೇಕು. ಅಂಗಡಿ ಅರ್ಧ ದಿನ ಬಾಗಿಲು ಹಾಕಿದರೂ ನಷ್ಟವಿಲ್ಲ. ಗೃಹಪ್ರವೇಶಕ್ಕೆ ಬಂದವರು ಬಾಗಿಲು ನೋಡುತ್ತಾರೆ, ಬಣ್ಣ ನೋಡುತ್ತಾರೆ, ಊಟ ಮಾಡಿ ಹೋಗುತ್ತಾರೆ. ಪಾಯಾ ನೋಡುವ ಅವಕಾಶ ಮಾಲಕನಿಗೆ ಮಾತ್ರ, ಅದೂ ಒಂದೇ ದಿನ. ಮರುದಿನ ಅದು ಮುಚ್ಚಿಹೋಗಿರುತ್ತದೆ. ಆಮೇಲೆ ಅದನ್ನು ನೋಡುವುದು ಮಳೆ ಮಾತ್ರ.